ತೆರೆದಿಟ್ಟ ದತ್ತಾಂಶಕ್ಕೆ ಹೊಣೆಗಾರ ಯಾರು?

ಸರ್ಕಾರದ ಬಳಿಯಿರುವ ಅಂಕಿಅಂಶ ಜನರಿಗೂ ಸಿಗಬೇಕು ಎಂಬ ಮಾತನ್ನು ಇಂದು ಯಾವ ಪಕ್ಷವೂ, ಯಾವ ಇಲಾಖೆಯೂ ಬಾಯಿಬಿಟ್ಟು ವಿರೋಧಿಸುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಈ ಮಾತನ್ನು ಹೇಳಿದೆ: ಯಾರೂ ಕೇಳದಿದ್ದರೂ ಪ್ರತಿ ಕಚೇರಿ ತನ್ನ ಅಧಿಕಾರ, ಆಯವ್ಯಯ, ಫಲಾನುಭವಿಗಳ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು, ಆಗಾಗ ಪರಿಷ್ಕರಿಸಬೇಕು. ಅಮೆರಿಕ ಸರ್ಕಾರ 2009ರ ಮೇ ತಿಂಗಳಲ್ಲಿ ಬರೇ 47 ದತ್ತಾಂಶ ಕಡತಗಳೊಂದಿಗೆ ತನ್ನ ಮುಕ್ತ ದತ್ತಾಂಶ ಜಾಲತಾಣ ತೆರೆಯಿತು. ಭಾರತ 2012ರ ಮಾರ್ಚ್‌ನಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಹೊರಡಿಸಿತು. ಅದೇ ವರ್ಷ ನಮ್ಮ ಜಾಲತಾಣವೂ ಬಂತು. ಪ್ರತಿ ಇಲಾಖೆ ಮೂರು ತಿಂಗಳೊಳಗೆ ಕನಿಷ್ಠ ಐದು ಬೆಲೆಬಾಳುವ ದತ್ತಾಂಶ ಕಡತಗಳನ್ನು ಏರಿಸಬೇಕೆಂದು ಆ ನೀತಿ ಗುರಿ ಕೊಟ್ಟಿತು. ಇಲಾಖೆಗಳನ್ನು ಎಬ್ಬಿಸಲು ಅಂಥದೊಂದು ಗುರಿ ಬೇಕಿತ್ತೆನ್ನಿ. ಆದರೆ ಎಷ್ಟು ಕಡತ ಏರಿಸಿದಿರಿ ಎಂಬ ಲೆಕ್ಕ ಒಮ್ಮೆ ಶುರುವಾದರೆ, ಏರಿಸಿದ್ದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಮುಕ್ತ ದತ್ತಾಂಶದ ಯೋಜನೆಗಳು ಸೊರಗುವುದಕ್ಕೆ ತಂತ್ರಜ್ಞಾನದ ಕೊರತೆಯನ್ನೋ ಅಧಿಕಾರಿಗಳ ಗುಟ್ಟುಗಾರಿಕೆಯನ್ನೋ ದೂರುವುದು ರೂಢಿ. ನಿಜವಾದ ಕೊರತೆ ಹೊಣೆಗಾರಿಕೆಯದು ಎಂಬುದು ಈ ಅಧ್ಯಾಯದ ವಾದ.

ಹೊಣೆಗಾರನಿಲ್ಲದ ದತ್ತಾಂಶ ಹೇಗಿರುತ್ತದೆಂದು ನೋಡಲು ಕಷ್ಟಪಡಬೇಕಿಲ್ಲ. ಒಮ್ಮೆ ಏರಿಸಿದ ಪಟ್ಟಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅಂಕಣದ ತಲೆಬರಹ ಏನನ್ನು ಹೇಳುತ್ತದೆ, ಲೆಕ್ಕ ಯಾವ ತಿಂಗಳಿನದು ಎಂಬ ವಿವರಣೆ ಇರುವುದಿಲ್ಲ. ಕಂಪ್ಯೂಟರಿನಲ್ಲೇ ತಯಾರಾದ ಕೋಷ್ಟಕವನ್ನು ಮುದ್ರಿಸಿ, ಸಹಿ ಮೊಹರು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸುತ್ತಾರೆ. ಅದರೊಳಗಿನ ಒಂದು ಅಂಕಿಯನ್ನೂ ಕೂಡಿಸಿ ಕಳೆಯುವಂತಿಲ್ಲ. ಕನ್ನಡಕ್ಕೆ ಇನ್ನೊಂದು ಕಾಟವೂ ಇದೆ. ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಸರ್ಕಾರಿ ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಂಡಾರಣ್ಯ ಕಾಣಿಸುತ್ತದೆ, ಹುಡುಕಿದ ಪದ ಸಿಗುವುದಿಲ್ಲ. ಊರ ಹೆಸರುಗಳ ಕಥೆ ಇನ್ನೂ ದೊಡ್ಡದು. ಕಂದಾಯ ಇಲಾಖೆಯ ಗ್ರಾಮ, ಜನಗಣತಿಯ ಗ್ರಾಮ, ಪಂಚಾಯಿತಿಯ ದಾಖಲೆಯಲ್ಲಿರುವ ಗ್ರಾಮ ಮೂರೂ ಒಂದೇ ಆಗಿರಬೇಕೆಂದಿಲ್ಲ; ಒಂದೇ ಆಗಿದ್ದರೂ ಕಾಗುಣಿತ ಬೇರೆ, ಸಂಕೇತ ಸಂಖ್ಯೆ ಬೇರೆ. ಹೊಸಹಳ್ಳಿ, ರಾಂಪುರ ಎಂಬ ಹೆಸರುಗಳು ನಾಡಿನಲ್ಲಿ ಎಷ್ಟಿವೆಯೋ! ಶಾಲೆಯ ಪಟ್ಟಿಯನ್ನು ಕುಡಿಯುವ ನೀರಿನ ಪಟ್ಟಿಯ ಪಕ್ಕ ಇಟ್ಟು ನೋಡಬೇಕಾದರೆ ಎರಡರಲ್ಲೂ ಊರನ್ನು ಗುರುತಿಸುವ ಸಂಖ್ಯೆ ಒಂದೇ ಇರಬೇಕು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಸ್ಥಳೀಯ ಸಂಸ್ಥೆಗಳಿಗೆಲ್ಲ ಸಂಕೇತ ಸಂಖ್ಯೆ ಕೊಡುವ ಕೋಶವನ್ನು ಇದಕ್ಕೆಂದೇ ಇಟ್ಟುಕೊಂಡಿದೆ. ಅದನ್ನು ಬಳಸಲೇಬೇಕೆಂದು ತಾಲ್ಲೂಕು ಮಟ್ಟದಲ್ಲಿ ಪಟ್ಟು ಹಿಡಿಯುವವರು ಇರದಿದ್ದರೆ ಕೋಶ ತನ್ನ ಪಾಡಿಗೆ, ಪಟ್ಟಿಗಳು ತಮ್ಮ ಪಾಡಿಗೆ.

ಹೊಣೆ ಗೊತ್ತುಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಭೂಮಿ ಯೋಜನೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಮುಕ್ತ ದತ್ತಾಂಶ ಯೋಜನೆಯಲ್ಲ, ಭೂದಾಖಲೆಯ ಗಣಕೀಕರಣ. ಆದರೂ ದಾಖಲೆಯನ್ನು ಸಾಕುವುದು ಹೇಗೆ ಎಂಬ ಪಾಠ ಅದರಲ್ಲಿದೆ. ಅದಕ್ಕೂ ಮುಂಚೆ ಪಹಣಿ ಇದ್ದದ್ದು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ. ರೈತನಿಗೆ ಪ್ರತಿ ಬೇಕಾದರೆ ಲೆಕ್ಕಿಗರು ಸಿಗಬೇಕು, ಸಿಕ್ಕವರು ಮನಸ್ಸು ಮಾಡಬೇಕು. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದು, ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಎಲ್ಲರೂ ಹೊಗಳುವುದು ಈ ಕಿಟಕಿಯನ್ನು. ಅದರ ಹಿಂದೆ ಇನ್ನೂ ಮುಖ್ಯವಾದ ಮೂರು ತೀರ್ಮಾನಗಳಿದ್ದವು. ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲ ಎಂದು ಸರ್ಕಾರ ಸಾರಿದ್ದರಿಂದ ಗಣಕದ ದಾಖಲೆಯೇ ಮೂಲ ದಾಖಲೆಯಾಯಿತು. ತಪ್ಪಿದ್ದರೆ ಅದನ್ನು ತಿದ್ದದೆ ಬೇರೆ ದಾರಿ ಉಳಿಯಲಿಲ್ಲ. ಖಾತೆ ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಗಿದ್ದರಿಂದ ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂಬ ಗುರುತು ಉಳಿಯಿತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ಕ್ರಮವನ್ನು ಯಂತ್ರವೇ ಕಾಯಿತು. ನಮ್ಮ ಮುಕ್ತ ದತ್ತಾಂಶ ಜಾಲತಾಣಗಳಲ್ಲಿ ಈ ಮೂರರಲ್ಲಿ ಒಂದನ್ನೂ ಕಾಣುವುದು ಅಪರೂಪ. ಅಲ್ಲಿರುವುದು ಮೂಲದ ನಕಲು. ಕಚೇರಿ ನಡೆಯುವುದು ಬೇರೆ ಕಡತದ ಮೇಲೆ. ಆದ್ದರಿಂದ ಜಾಲತಾಣದ ಅಂಕಿ ತಪ್ಪಿದರೂ ಕಚೇರಿಯಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ.

ಇದೇ ಭೂಮಿಯನ್ನು ಎತ್ತಿಕೊಂಡು ಕೇಳುವ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಹೊರತಂದ ಅಧ್ಯಯನ, ಭೂದಾಖಲೆಯ ಗಣಕೀಕರಣದಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಕುಳಗಳಿಗೆ ಜಮೀನು ಹುಡುಕಿ ಹಿಡಿಯುವುದು ಸಲೀಸಾಯಿತು, ಲಂಚ ತಗ್ಗುವ ಬದಲು ಏರಿತು ಎಂದು ವಾದಿಸಿತು. ಇದನ್ನೇ ಆಧಾರವಾಗಿಟ್ಟುಕೊಂಡು ಮೈಕೆಲ್ ಗರ್ಸ್ಟೀನ್ ಎಂಬ ವಿದ್ವಾಂಸ, ಮುಕ್ತ ದತ್ತಾಂಶ ಬಲವಿದ್ದವರಿಗೇ ಇನ್ನಷ್ಟು ಬಲ ಕೊಡುತ್ತದೆಯೇ ಎಂದು 2011ರಲ್ಲಿ ಪ್ರಶ್ನಿಸಿದರು. ಬೆಂಗಳೂರಿನ ಸುತ್ತಿನ ರೈತರ ಪಹಣಿ ಹೀಗೆ ಜಾಗತಿಕ ಚರ್ಚೆಗೆ ಉದಾಹರಣೆಯಾಯಿತು. ಪ್ರಶ್ನೆ ಸರಿಯಾದದ್ದೇ. ಕಂಪ್ಯೂಟರು, ವಕೀಲರು, ದುಡ್ಡು ಮೂರೂ ಇರುವವರು ತೆರೆದ ದಾಖಲೆಯನ್ನು ಮೊದಲು ಬಳಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಹಾಗೆಂದು ಮುಚ್ಚಿಡುವುದರಿಂದ ಬಡವರಿಗೆ ಲಾಭವಿದೆಯೇ? ದಾಖಲೆ ಲೆಕ್ಕಿಗರ ಪೆಟ್ಟಿಗೆಯಲ್ಲಿದ್ದಾಗಲೂ ಬಲವಿದ್ದವರಿಗೆ ಅದು ಸಿಗುತ್ತಲೇ ಇತ್ತು. ರಾಜಸ್ಥಾನದ ಅನುಭವ ಬೇರೊಂದು ದಾರಿ ತೋರಿಸುತ್ತದೆ. ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಜನಸುನವಾಯಿ ಎಂಬ ಬಹಿರಂಗ ವಿಚಾರಣೆಗಳಲ್ಲಿ ಕೂಲಿಯ ಹಾಜರಿ ಪಟ್ಟಿ, ಸಾಮಗ್ರಿಯ ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿತು. ಓದು ಬಾರದವರೂ ಕೇಳಿಸಿಕೊಂಡು, ಮಾಡದ ಕೆಲಸಕ್ಕೆ ತಮ್ಮ ಹೆಸರಿನಲ್ಲಿ ಯಾರೋ ಕೂಲಿ ಪಡೆದದ್ದನ್ನು ಎದ್ದುನಿಂತು ಹೇಳಿದರು. ಮಾಹಿತಿ ಹಕ್ಕಿನ ಚಳವಳಿಗೆ ಕಸುವು ಬಂದದ್ದು ಅಲ್ಲಿಂದ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಸರ್ಕಾರ ತೆರೆದ ಜನ ಸೂಚನಾ ಜಾಲತಾಣ ಆ ಚಳವಳಿಯ ಜನರನ್ನು ಜೊತೆಗಿಟ್ಟುಕೊಂಡೇ ರೂಪುಗೊಂಡಿತು: ಪಡಿತರ, ಪಿಂಚಣಿ, ಕೂಲಿಯ ವಿವರ ಪಂಚಾಯಿತಿವಾರು, ವಾರ್ಡುವಾರು. ನಮ್ಮ ಕರ್ನಾಟಕದ ಮಾಹಿತಿ ಕಣಜ ಜಾಲತಾಣವೂ ಅದೇ ಮಾದರಿಯದು. ರಾಜ್ಯದ ಒಟ್ಟು ಮೊತ್ತವನ್ನು ಓದಬಲ್ಲವನು ಸಂಶೋಧಕ; ತನ್ನ ಓಣಿಯ ಪಟ್ಟಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಯಾವ ಗಾತ್ರಕ್ಕೆ ಕತ್ತರಿಸಿ ಕೊಡಬೇಕು ಎಂಬುದೂ ಆಡಳಿತದ ತೀರ್ಮಾನವೇ, ಆ ತೀರ್ಮಾನಕ್ಕೆ ಒಬ್ಬ ಧಣಿ ಬೇಕು.

ಖಾಸಗಿತನದ ವಿಷಯಕ್ಕೆ ಬಂದಾಗ ಧಣಿಯಿಲ್ಲದಿರುವುದರ ಅಪಾಯ ನಿಚ್ಚಳವಾಗುತ್ತದೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ವರದಿ ಪ್ರಕಟಿಸಿತು. ನಾಲ್ಕು ಸರ್ಕಾರಿ ಜಾಲತಾಣಗಳಿಂದ ಅಂದಾಜು 13 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆಗಳು ಸಾರ್ವಜನಿಕರ ಕೈಗೆ ಸಿಗುವಂತಾಗಿವೆ ಎಂದಿತು. ಆ ನಾಲ್ಕರಲ್ಲಿ ಉದ್ಯೋಗ ಖಾತ್ರಿಯ ತಾಣವೂ, ಸಾಮಾಜಿಕ ಭದ್ರತೆಯ ಪಿಂಚಣಿ ತಾಣವೂ ಇದ್ದವು, ಪಾರದರ್ಶಕತೆಗಾಗಿ ತೆರೆದವುಗಳೇ. ಕೂಲಿಕಾರರ ಹೆಸರು, ದುಡಿದ ದಿನ, ಪಾವತಿಯಾದ ಹಣ ಬಹಿರಂಗವಾಗಿರದಿದ್ದರೆ ಸಾಮಾಜಿಕ ಪರಿಶೋಧನೆ ನಡೆಯದು. ಆಧಾರ್ ಸಂಖ್ಯೆಯೋ ಬ್ಯಾಂಕ್ ಖಾತೆಯ ಸಂಖ್ಯೆಯೋ ಅದಕ್ಕೆ ಬೇಕಿಲ್ಲ. ಯಾವ ಅಂಕಣ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಒಬ್ಬ ತಿಳಿವಳಿಕಸ್ಥ ಕೂತು ನೋಡಿದ್ದರೆ ಅರ್ಧ ದಿನದ ಕೆಲಸ. ಅದಾಗದೆ, ಈಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ ಮಾತು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪವಿಧಿಯೊಳಗೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅದನ್ನು ತೆಗೆದು, ವೈಯಕ್ತಿಕ ಎನಿಸಿದ್ದಕ್ಕೆಲ್ಲ ವಿನಾಯಿತಿ ಎಂದು ತಿದ್ದಿತು. 8(2)ನೇ ಉಪವಿಧಿಯಲ್ಲಿ ಸಾರ್ವಜನಿಕ ಹಿತದ ಬಾಗಿಲು ಇನ್ನೂ ಇದೆ ಎಂದು ಸಮರ್ಥಕರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಕೆಳಹಂತದ ಮಾಹಿತಿ ಅಧಿಕಾರಿಗೆ ಇಲ್ಲ ಎನ್ನುವುದು ಎಂದಿಗೂ ಸುಲಭದ ಉತ್ತರ, ಈಗ ಅದಕ್ಕೆ ಕಾನೂನಿನ ಆಸರೆಯೂ ಸಿಕ್ಕಿತು. ಅಂಕಣ ಆರಿಸುವ ಕೆಲಸ ಯಾರದೂ ಅಲ್ಲವಾದಾಗ ಮೊದಲು ಎಲ್ಲವೂ ಹೊರಗೆ ಬೀಳುತ್ತದೆ, ಆಮೇಲೆ ಎಲ್ಲವೂ ಒಳಗೆ ಸೇರುತ್ತದೆ.

ಪುಕ್ಕಟೆ ಯಾಕೆ ಕೊಡಬೇಕು, ಮಾರಬಹುದಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ವ್ಯಯಿಸಬೇಕಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಕ್ಕೆ ಸುಮಾರು 600 ಡಾಲರ್ ಬೆಲೆಯಿದ್ದ ಕಾಲದಲ್ಲಿ ದಿನಕ್ಕೆ ಐವತ್ತು ಚಿಲ್ಲರೆ ಚಿತ್ರ ಮಾರಾಟವಾಗುತ್ತಿದ್ದವು. 2008ರಲ್ಲಿ ಉಚಿತ ಮಾಡಿದ ಮೇಲೆ ದಿನಕ್ಕೆ ಸಾವಿರಗಟ್ಟಲೆ ಚಿತ್ರಗಳು ಬಳಕೆಗೆ ಹೋದವು. ಡೆನ್ಮಾರ್ಕ್ ತನ್ನ ವಿಳಾಸಗಳ ದತ್ತಾಂಶವನ್ನು 2002ರಲ್ಲಿ ಮುಕ್ತಗೊಳಿಸಿತು. 2005ರಿಂದ 2009ರವರೆಗಿನ ನೇರ ಲಾಭ ಸುಮಾರು 6.2 ಕೋಟಿ ಯೂರೋ, ಖರ್ಚು ಸುಮಾರು 20 ಲಕ್ಷ ಯೂರೋ ಎಂದು ಅಲ್ಲಿನ ಸರ್ಕಾರಿ ಸಂಸ್ಥೆ ಲೆಕ್ಕಹಾಕಿತು. ಬ್ರಿಟನ್ 2013ರಲ್ಲಿ ರಾಯಲ್ ಮೇಲ್ ಅಂಚೆ ಸಂಸ್ಥೆಯ ಜೊತೆಗೇ ದೇಶದ ವಿಳಾಸಗಳ ಕಡತವನ್ನೂ ಖಾಸಗಿಗೆ ಕೊಟ್ಟು, ಸಂಸತ್ ಸಮಿತಿಯಿಂದ ಛೀಮಾರಿ ಹಾಕಿಸಿಕೊಂಡಿತು. ಭಾರತದ 2022ರ ಕರಡು ನೀತಿಯೊಂದರಲ್ಲೂ ದತ್ತಾಂಶವನ್ನು ಬೆಲೆಗೆ ಕೊಡುವ ಆಲೋಚನೆಯಿತ್ತು. ಟೀಕೆ ಬಂದ ಮೇಲೆ ಆ ಕರಡೇ ಬದಲಾಯಿತು.

ಕೊನೆಯ ಆಕ್ಷೇಪ ಕಚೇರಿಗಳ ಒಳಗಿನಿಂದ ಬರುವಂಥದು: ತಪ್ಪಿಗೆ ಹೊಣೆ ಹೊರಿಸಿದರೆ ಯಾವ ಅಧಿಕಾರಿಯೂ ಏನನ್ನೂ ತೆರೆಯಲಾರ. ಈ ಭಯದ ಗುರುತು ನಮ್ಮ ಕಾನೂನಿನಲ್ಲೇ ಇದೆ. 2017ರ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಯಾರು ಬೇಕಾದರೂ ದತ್ತಾಂಶ ಬಳಸಬಹುದೆಂದು ಉದಾರವಾಗಿ ಹೇಳುತ್ತದೆ; ಜೊತೆಗೆ, ತಪ್ಪುಗಳಿಗೆ ಸರ್ಕಾರ ಹೊಣೆಯಲ್ಲ, ಮುಂದೆಯೂ ಪರಿಷ್ಕರಿಸಿ ಕೊಡುತ್ತೇವೆಂಬ ಖಾತರಿಯಿಲ್ಲ ಎಂದೂ ಹೇಳುತ್ತದೆ. ದತ್ತಾಂಶ ಬಳಸಿ ನಷ್ಟವಾಯಿತೆಂದು ಕೋರ್ಟಿಗೆ ಬರುವವರನ್ನು ತಡೆಯಲು ಈ ಮಾತು ಬೇಕು, ಒಪ್ಪೋಣ. ಆದರೆ ಪರಿಹಾರ ಕೊಡುವ ಹೊಣೆ ಬೇರೆ, ತಪ್ಪು ತಿದ್ದುವ ಹೊಣೆ ಬೇರೆ. ಮಲೆನಾಡಿನ ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗೆ ಹವಾಮಾನ ಆಧಾರಿತ ವಿಮೆಯ ಹಣ ಬರುವುದು ಮಳೆಮಾಪಕದ ಅಂಕಿಯ ಮೇಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಾಪಕಗಳನ್ನಿಟ್ಟಿರುವುದು ದೇಶದಲ್ಲೇ ಮೆಚ್ಚುವಂಥ ಕೆಲಸ. ಒಂದು ಮಾಪಕ ಕೆಟ್ಟು ನಿಂತರೆ ಆ ಪಂಚಾಯಿತಿಯ ಬೆಳೆಗಾರರ ವಿಮಾ ಹಣವೇ ಏರುಪೇರಾಗುತ್ತದೆ. ಅಂಕಿ ಬಹಿರಂಗವಾಗಿದ್ದರೆ ಅದನ್ನು ಮೊದಲು ಗುರುತಿಸುವವನು ಆ ಊರಿನ ಬೆಳೆಗಾರನೇ, ಯಾಕೆಂದರೆ ಅಂದು ಮಳೆ ಬಂದದ್ದು ಅವನಿಗೆ ಗೊತ್ತು. ಅವನು ಹೇಳಿದ್ದನ್ನು ಯಾರು, ಎಷ್ಟು ದಿನದೊಳಗೆ ಪರಿಶೀಲಿಸಬೇಕೆಂಬ ನಿಯಮ ಇದ್ದರೆ ತೆರೆದದ್ದು ಸಾರ್ಥಕ. ಇದೇನೂ ಆಗದ ಹೋಗದ ಮಾತಲ್ಲ. ಸರ್ಕಾರಿ ಸಂಸ್ಥೆ ಪ್ರಕಟಿಸಿದ ಮಾಹಿತಿಯಲ್ಲಿ ತಪ್ಪಿದ್ದರೆ ತೊಂದರೆಗೊಳಗಾದವರು ತಿದ್ದುಪಡಿ ಕೋರಬಹುದೆಂಬ ಏರ್ಪಾಟು ಅಮೆರಿಕದಲ್ಲಿ 2000ದ ಕಾನೂನಿನಿಂದಲೇ ಇದೆ. 2019ರಲ್ಲಿ ಜಾರಿಯಾದ ಇನ್ನೊಂದು ಕಾನೂನು ಅಲ್ಲಿನ ಸಂಸ್ಥೆಗಳು ಮುಖ್ಯ ದತ್ತಾಂಶ ಅಧಿಕಾರಿಯನ್ನು ನೇಮಿಸಲೇಬೇಕೆಂದು ವಿಧಿಸಿತು. ನಮ್ಮಲ್ಲೂ 2012ರ ನೀತಿ ಪ್ರತಿ ಇಲಾಖೆಗೆ ದತ್ತಾಂಶ ನಿಯಂತ್ರಕರನ್ನು ಹೆಸರಿಸಲು ಹೇಳಿತ್ತು. ಆದರೆ ನೀತಿಗೆ ಕಾಯ್ದೆಯ ಬಲವಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರಿಸದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡವಿದೆ. ದತ್ತಾಂಶ ನಿಯಂತ್ರಕರಿಗೆ ಅಂಥ ಗಡುವೂ ಇಲ್ಲ, ದಂಡವೂ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾವುದೇ ಸರ್ಕಾರಿ ಜಾಲತಾಣದಲ್ಲಿ ಒಂದು ಪಟ್ಟಿ ತೆರೆದಾಗ ಅದರ ಕೆಳಗೆ ಪರಿಷ್ಕರಿಸಿದ ದಿನಾಂಕ, ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ತಪ್ಪು ತಿಳಿಸುವ ದಾರಿ ಇವು ಇವೆಯೇ ಎಂದು ನೋಡಿ. ಇಲ್ಲವಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಈ ಪ್ರಶ್ನೆಗೆ ಅಷ್ಟು ಪದಗಳು ಬೇಕಾಗುವುದಿಲ್ಲ.