ಯಂತ್ರದ ಯಜಮಾನನಾರು?

ಅಂಕೋಲೆಯ ಕರಿ ಈಶಾಡು ಮಾವು ಮಿಗಿಲೋ, ರತ್ನಾಗಿರಿಯ ಆಪೂಸು ಮಿಗಿಲೋ ಎಂಬ ಚರ್ಚೆ ಬೇಸಗೆ ಮುಗಿಯುವವರೆಗೂ ನಮ್ಮಲ್ಲಿ ನಡೆಯುತ್ತದೆ. ಅದು ನಾಲಗೆಯ ವಿಷಯ. ವಾದದಲ್ಲಿ ಸೋತವನಿಗೂ ಹಣ್ಣಂತೂ ದೊರೆಯುತ್ತದೆ. ಆದರೆ ಕಂಪ್ಯೂಟರಿಗೆ ವಿಂಡೋಸ್ ಲೇಸೋ ಲಿನಕ್ಸ್ ಲೇಸೋ ಎಂದು ಇಬ್ಬರು ವಿದ್ಯಾವಂತರು ವಾದಕ್ಕಿಳಿದರೆ, ಚುನಾವಣೆಯ ಭಾಷಣಗಳೂ ಮಂಕಾಗುವಷ್ಟು ಕಾವೇರುತ್ತದೆ. ಒಬ್ಬರು ಇನ್ನೊಬ್ಬರನ್ನು ಬಂಡವಾಳಗಾರರ ಬಾಲಬಡುಕರೆಂದು ಜರೆಯುತ್ತಾರೆ. ಇವರು ಅವರನ್ನು ಕೆಂಬಾವುಟದ ಕನಸುಗಾರರೆನ್ನುತ್ತಾರೆ. ಯಂತ್ರದ ಮಾತಿನಲ್ಲಿ ರಾಜಕೀಯವೇಕೆಂದು ಪಕ್ಕದಲ್ಲಿ ಕುಳಿತವರು ಮೂಗಿನ ಮೇಲೆ ಬೆರಳಿಡುತ್ತಾರೆ. ರಾಜಕೀಯ ಅಲ್ಲಿರುವುದು ಸಹಜವೆಂದೇ ನನ್ನ ಅಭಿಪ್ರಾಯ. ಆದರೆ ಪಕ್ಷಾಭಿಮಾನದ ಗದ್ದಲದಲ್ಲಿ, ಕೇಳಬೇಕಾದ ಪ್ರಶ್ನೆಯೇ ಕೇಳಿಸದಂತಾಗಿದೆ.

ಆಪರೇಟಿಂಗ್ ಸಿಸ್ಟಮ್ ಎಂದರೇನು? ಮದುವೆಮನೆಯನ್ನು ನೆನೆಯಿರಿ. ಅಡಿಗೆಯವರು, ಬಡಿಸುವವರು, ನೀರು ತರುವವರು, ಉಗ್ರಾಣ ಕಾಯುವವರು ಎಲ್ಲರೂ ಇದ್ದರೂ, ಯಾರಿಗೆ ಯಾವ ಕೆಲಸವೆಂದು ಹಂಚಿಕೊಡುವ ಹಿರಿಯನೊಬ್ಬನಿಲ್ಲದಿದ್ದರೆ ಊಟದ ಪಂಕ್ತಿ ಏಳದು. ಯಂತ್ರದೊಳಗಿನ ಆ ಹಿರಿಯನೇ ಇದು. ಉಗ್ರಾಣದ ಬೀಗದ ಕೈ ಅವನ ಬಳಿಯಲ್ಲಿರುತ್ತದೆ. ಆದುದರಿಂದ ಅವನು ಯಾರ ಮಾತು ಕೇಳುತ್ತಾನೆ ಎಂಬುದು ಕೇವಲ ರುಚಿಯ ಪ್ರಶ್ನೆಯಲ್ಲ.

ವಿಂಡೋಸ್ 1985ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯ ಸರಕು. ಅದರ ಒಳರಚನೆ ಕಂಪೆನಿಯ ಸ್ವತ್ತು. ನಮಗೆ ದೊರೆಯುವುದು ಬಳಸುವ ಪರವಾನಗಿ ಮಾತ್ರ. ಲಿನಕ್ಸಿನ ಬುಡವನ್ನು 1991ರಲ್ಲಿ ನೆಟ್ಟವನು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್. ಅದಕ್ಕೂ ಮುನ್ನ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಸಾರಿದ ಗ್ನೂ ಯೋಜನೆಯ ಸಾಧನಗಳು ಅದರೊಡನೆ ಕೂಡಿಕೊಂಡವು. ಅದನ್ನು ಯಾರೂ ನೋಡಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು.

ಈ ಭೇದವನ್ನು ಅರಿಯಲು ಅಂಕೋಲೆಯವರಿಗೆ ಗ್ರಂಥಗಳು ಬೇಕಿಲ್ಲ. ಕಡಲು ಎಲ್ಲರದು, ಉಪ್ಪು ಮಾತ್ರ ಸರಕಾರದ್ದು ಎಂಬ ಕಾಯಿದೆಯನ್ನು 1930ರಲ್ಲಿ ಮುರಿದ ಊರು ಇದು. ಹಾಗೆಂದು ಕಂಪೆನಿಯನ್ನು ಪರಂಗಿ ಸರಕಾರಕ್ಕೆ ಹೋಲಿಸುವುದು ನ್ಯಾಯವಲ್ಲ. ತಾನು ಶ್ರಮಿಸಿ ಮಾಡಿದ ಸರಕಿಗೆ ಬೆಲೆ ಕೇಳುವುದು ತಪ್ಪಲ್ಲ. ಕೊಳ್ಳುವುದೂ ಬಿಡುವುದೂ ನಮ್ಮ ಇಚ್ಛೆ. ಆದರೆ ಶಾಲೆಯ ಪಾಠ, ಕಚೇರಿಯ ಕಡತ, ಜನರ ಭಾಷೆ ಇವೆಲ್ಲ ಆ ಒಂದೇ ಸರಕಿಗೆ ಕಟ್ಟುಬಿದ್ದಾಗ, ಇಚ್ಛೆಯೆಂಬ ಮಾತಿಗೆ ಅರ್ಥ ಉಳಿಯುವುದೆ?

ಕನ್ನಡದ ಅನುಭವವನ್ನೇ ನೋಡಿರಿ. ಕೆ. ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೆ ರಾಜ್ಯ ಸರಕಾರದ ಆಶ್ರಯ ದೊರೆಯಿತು. ಇವುಗಳ ಉಪಕಾರ ದೊಡ್ಡದು. ಆದರೆ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡವನ್ನು, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಎಲ್ಲ ಯಂತ್ರಗಳಿಗೂ ಸಮಾನವಾದ ಯೂನಿಕೋಡ್ ಸಂಕೇತದಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ರೂಢಿಗೆ ಬರಲು ವರ್ಷಗಳೇ ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿ ಆ ಕನ್ನಡವನ್ನು ಮೂಡಿಸಿತು. ಲಿನಕ್ಸಿನಲ್ಲಿಯೂ ಸ್ವಯಂಸೇವಕರು ಅದನ್ನು ಸಾಧಿಸಿದರು. ಕನ್ನಡಕ್ಕೆ ಬಿಡುಗಡೆ ದೊರೆತದ್ದು ಒಂದು ಪಕ್ಷದ ಗೆಲವಿನಿಂದಲ್ಲ, ಎಲ್ಲರೂ ಒಪ್ಪಿದ ಬಹಿರಂಗ ನಿಯಮದಿಂದ.

ಇನ್ನು ಶಾಲೆಗಳ ಮಾತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರನ್ನು ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆ ಅಗಲಿಕೆಯ ನೋವು ಕನ್ನಡಿಗರಲ್ಲಿ ಇನ್ನೂ ಆರಿಲ್ಲ. ಆದರೂ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳ ಬಳಿ ನಾವು ಕಲಿಯಬೇಕಾದ ಸಂಗತಿಯೊಂದಿದೆ. ಕೇರಳದ ಸರಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದ ದಾರಿ ಹಿಡಿದ ಕಾರಣ, ಆ ಮಕ್ಕಳು ಕನ್ನಡದ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಲಿನಕ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತಾರೆ. ತಿರುವನಂತಪುರದಲ್ಲಿ ಎಡರಂಗ, ಐಕ್ಯರಂಗಗಳು ಸರದಿಯಂತೆ ಬಂದುಹೋದರೂ ಶಾಲೆಯ ಯಂತ್ರ ಪಕ್ಷಾಂತರ ಮಾಡಲಿಲ್ಲ. ಜರ್ಮನಿಯ ಮ್ಯೂನಿಕ್ ನಗರದ ಕಥೆ ಬೇರೆ. 2003ರಲ್ಲಿ ಆ ನಗರಸಭೆ ಲಿನಕ್ಸಿಗೆ ಒಲಿಯಿತು. 2017ರಲ್ಲಿ ವಿಂಡೋಸಿಗೆ ಮರಳಲು ನಿರ್ಣಯಿಸಿತು. ಕೇರಳದಲ್ಲಿ ಬೇರು ಹಿಡಿದುದಕ್ಕೆ ಮುಖ್ಯ ಕಾರಣ ಘೋಷಣೆಯಲ್ಲ, ಸಾವಿರಾರು ಅಧ್ಯಾಪಕರಿಗೆ ಕೊಟ್ಟ ತರಬೇತಿ. ಕಡಲ ನೀರು ಪುಕ್ಕಟೆಯಾದರೂ ಉಪ್ಪಾಗಲು ಬಿಸಿಲೂ ಬೇಕು, ದುಡಿಮೆಯೂ ಬೇಕು. ಈ ಮಾತನ್ನು ಲಿನಕ್ಸಿನ ಅಭಿಮಾನಿಗಳು ಮರೆಯಬಾರದು.

ವಿಷಯ ಈಗ ಅವಸರದ್ದೂ ಆಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ರ ವಾಡಿಕೆಯ ಪೋಷಣೆಯನ್ನು ನಿಲ್ಲಿಸಿತು. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಅನೇಕವನ್ನು ಒಲ್ಲೆನೆನ್ನುತ್ತದೆ. ಸಣ್ಣ ಊರಿನ ಕಾಲೇಜು ಕಾಸಿಗೆ ಕಾಸು ಕೂಡಿಸಿ ಕೊಂಡ ಯಂತ್ರ, ಕೈಕಾಲು ಗಟ್ಟಿಯಾಗಿದ್ದೂ ನಿವೃತ್ತಿಯ ಪತ್ರ ಪಡೆದ ಗುಮಾಸ್ತನಂತೆ ಮೂಲೆಗೆ ಕೂಡುತ್ತದೆ. ಅದನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ತುಂಬಿ ನೋಡುವುದು ವಿವೇಕ. ಭಾರತದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ‘ಬಾಸ್’ ಎಂಬುದೂ ಕನ್ನಡ ಬಲ್ಲದು.

ಮನೆಯ ಯಂತ್ರದಲ್ಲಿ ಏನಿರಬೇಕೆಂಬುದು ಮನೆಯವರ ಇಚ್ಛೆ. ವಿಂಡೋಸ್ ಒಗ್ಗಿದವರನ್ನು ಹಂಗಿಸುವುದು ಸಭ್ಯತೆಯಲ್ಲ. ಆದರೆ ತೆರಿಗೆಯ ಹಣದಿಂದ ನಡೆಯುವ ಶಾಲೆ, ಕಚೇರಿಗಳನ್ನು ಕುರಿತು ಕೇಳುವ ಅಧಿಕಾರ ಪ್ರತಿಯೊಬ್ಬ ಮತದಾರನಿಗಿದೆ. ನಾಳೆ ಕಂಪೆನಿ ಬಾಗಿಲು ಮುಚ್ಚಿದರೆ ನಮ್ಮ ಕಡತಗಳನ್ನು ತೆರೆಯುವವರಾರು? ಮತ ಬೇಡಲು ಬಂದವರು ಯಾವ ಬಣ್ಣದ ಬಾವುಟ ಹಿಡಿದಿದ್ದರೂ, ಈ ಒಂದು ಪ್ರಶ್ನೆಗೆ ಉತ್ತರ ಪಡೆದೇ ಅವರನ್ನು ಬೀಳ್ಕೊಡಿರಿ.