ಸಿಲ್ವಿಯ ಚಿನ್ನ

ಸಂಗೀತದ ಲಯಕ್ಕೆ ಹೊಂದಿಕೊಂಡು, ಕೊಳದ ತಳಕ್ಕೆ ಕಾಲು ತಾಗಿಸದೆ, ನೀರಿನಲ್ಲೇ ನರ್ತಿಸುವ ಕಲೆಗೆ ಸಿಂಕ್ರನೈಸ್ಡ್ ಈಜು ಎಂಬ ಹೆಸರಿತ್ತು. 2017ರಿಂದ ಅದನ್ನು ಕಲಾತ್ಮಕ ಈಜು ಎಂದು ಕರೆಯುತ್ತಾರೆ. ಈಜುಗಾರ್ತಿ ತಲೆಕೆಳಗಾಗಿ ನಿಂತು ಕಾಲುಗಳನ್ನು ನೀರಿನ ಮೇಲಕ್ಕೆ ನೀಳವಾಗಿ ಚಾಚಿದಾಗ, ಮುಳುಗಿದ ಕೈಗಳು ಎಡೆಬಿಡದೆ ನೀರನ್ನು ಒತ್ತುತ್ತಿರಬೇಕು, ಉಸಿರನ್ನು ಬಿಗಿಹಿಡಿದಿರಬೇಕು. ನೋಡುವವರಿಗೆ ಮಾತ್ರ ಈ ಶ್ರಮ ಕಾಣಿಸಕೂಡದು!

ಕೆನಡಾ ದೇಶದ ಮಾಂಟ್ರಿಯಲ್ ನಗರದ ಸಿಲ್ವಿ ಫ್ರೆಷೆಟ್ ಈ ಕಲೆಯಲ್ಲಿ ಪಾರಂಗತೆ. 1991ರಲ್ಲಿ ಆಕೆ ಒಂಟಿ ಈಜಿನಲ್ಲಿ ವಿಶ್ವವಿಜೇತೆಯಾದಳು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳಿಗೆ ಕೆಲವೇ ದಿನಗಳಿರುವಾಗ, ಆಕೆಯ ಕೈಹಿಡಿಯಲಿದ್ದ ತರುಣ ತೀರಿಕೊಂಡ. ಆ ದುಃಖವನ್ನು ನುಂಗಿಕೊಂಡೇ ಸಿಲ್ವಿ ನೀರಿಗಿಳಿದಳು.

ಕಡ್ಡಾಯ ಭಂಗಿಗಳ ಸುತ್ತಿನಲ್ಲಿ ತೀರ್ಪುಗಾರರೊಬ್ಬರು 9.7 ಅಂಕ ನೀಡಲು ಹೋಗಿ, ಯಂತ್ರದಲ್ಲಿ 8.7 ಎಂದು ಒತ್ತಿಬಿಟ್ಟರು. ಒಡನೆಯೇ ತಿದ್ದಲೆತ್ನಿಸಿದರೂ ಸಾಧ್ಯವಾಗಲಿಲ್ಲ. ಪ್ರಕಟವಾದ ಅಂಕವನ್ನು ಬದಲಿಸಲು ಸ್ಪರ್ಧೆಯ ಅಧಿಕಾರಿಗಳು ಒಪ್ಪಲಿಲ್ಲ. ಅಮೆರಿಕದ ಕ್ರಿಸ್ಟನ್ ಬ್ಯಾಬ್ ಸ್ಪ್ರೇಗ್ ಚಿನ್ನ ಗಳಿಸಿದಳು, ಸಿಲ್ವಿಗೆ ಬೆಳ್ಳಿ ದೊರೆಯಿತು. ಇದರಲ್ಲಿ ಆ ಎದುರಾಳಿಯ ತಪ್ಪೇನೂ ಇರಲಿಲ್ಲ.

ಕೆನಡಾದವರು ಪಟ್ಟುಬಿಡದೆ ನ್ಯಾಯ ಕೇಳಿದರು. 1993ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಸಿಲ್ವಿಗೂ ಚಿನ್ನವನ್ನು ಮನ್ನಿಸಿತು. ಕ್ರಿಸ್ಟನ್‌ಳ ಪದಕವನ್ನು ಕಸಿದುಕೊಳ್ಳಲಿಲ್ಲ. ಆ ಡಿಸೆಂಬರ್‌ನಲ್ಲಿ ತನ್ನ ಊರಿನ ಜನರೆದುರು ಸಿಲ್ವಿ ಚಿನ್ನವನ್ನು ಕೊರಳಿಗೆ ಧರಿಸಿದಳು.

1996ರ ಅಟ್ಲಾಂಟಾ ಕ್ರೀಡೆಗಳಲ್ಲಿ ಒಂಟಿ ಈಜಿನ ಸ್ಪರ್ಧೆಯೇ ಇರಲಿಲ್ಲ. ಆದರೂ ಆಕೆ ಮರಳಿ ಬಂದು, ತಂಡದಲ್ಲಿ ಒಬ್ಬಳಾಗಿ ಈಜಿ ಬೆಳ್ಳಿ ಗೆದ್ದಳು.