ಸಂಬಂಧವೆಂಬುದು

ಚಿಕ್ಕಂದಿನಲ್ಲಿ ನಮ್ಮ ಊರಿನ ಯಾರ ಮನೆಯ ಜಗಲಿ ಹತ್ತಿದರೂ ಹಿರಿಯರು ಮೊದಲು ಕೇಳುತ್ತಿದ್ದುದು ನನ್ನ ಹೆಸರನ್ನಲ್ಲ. ‘ಯಾರ ಮಗನೋ ನೀನು?’ ಎಂದು. ನಾಲ್ಕಕ್ಷರ ಕಲಿತ ಮೇಲೆ ಈ ಪ್ರಶ್ನೆ ನನಗೆ ಅವಮಾನವೆನಿಸತೊಡಗಿತು. ನಾನು ನಾನೇ ಅಲ್ಲವೆ, ಇನ್ನೊಬ್ಬರ ಹೆಸರಿನ ಆಸರೆ ನನಗೇಕೆ ಎಂಬ ಬಿಗುಮಾನ. ಆ ಪ್ರಶ್ನೆಯ ಹಿಂದೆ ಎಷ್ಟೋ ಸಲ ಜಾತಿಯನ್ನು ಅಳೆಯುವ ಉದ್ದೇಶ ಅಡಗಿರುತ್ತಿತ್ತೆಂಬುದೂ ನಿಜ. ಆದರೂ ಅದರಲ್ಲಿ ಒಂದು ತಥ್ಯವಿತ್ತೆಂದು ಈಗ ತೋರುತ್ತದೆ. ಮನುಷ್ಯನು ಮೊದಲು ತಾನಾಗಿ ಪೂರ್ಣನಾಗಿದ್ದು, ಆಮೇಲೆ ಸಂಬಂಧಗಳನ್ನು ಅಂಗಿಯಂತೆ ತೊಟ್ಟುಕೊಳ್ಳುತ್ತಾನೆಯೆ? ಅಥವಾ ಸಂಬಂಧದಲ್ಲಿಯೇ ಅವನು ಮನುಷ್ಯನಾಗುತ್ತಾನೆಯೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ನಮ್ಮ ದಾರ್ಶನಿಕರು ಇದನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಮೇಜಿನ ಮೇಲೆ ಪುಸ್ತಕವಿರುವುದನ್ನು ವೈಶೇಷಿಕರು ಸಂಯೋಗವೆಂದರು. ಪುಸ್ತಕವನ್ನು ಎತ್ತಿಕೊಂಡರೆ ಆ ಸಂಬಂಧ ಮುಗಿಯಿತು; ಮೇಜೂ ಪುಸ್ತಕವೂ ಮೊದಲಿನಂತೆಯೇ ಉಳಿಯುತ್ತವೆ. ಬಟ್ಟೆಯು ನೂಲುಗಳಲ್ಲಿರುವುದನ್ನು ಸಮವಾಯವೆಂದರು. ನೂಲುಗಳನ್ನು ಬಿಟ್ಟು ಬಟ್ಟೆ ಬೇರೆ ನಿಲ್ಲಲಾರದು. ಈ ಸಮವಾಯವನ್ನು ಅವರು ಪ್ರತ್ಯೇಕವಾದ ಒಂದು ಪದಾರ್ಥವೆಂದೇ ಬಗೆದರು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದಕ್ಕೆ ಒಡ್ಡಿದ ಆಕ್ಷೇಪ ಮಾರ್ಮಿಕವಾದುದು. ಎರಡನ್ನು ಕೂಡಿಸಲು ಮೂರನೆಯದೊಂದು ಬೇಕಾದರೆ, ಆ ಮೂರನೆಯದನ್ನು ಇವೆರಡರೊಡನೆ ಕೂಡಿಸಲು ಇನ್ನೊಂದು ಬೇಡವೆ? ಅದಕ್ಕೆ ಮತ್ತೊಂದು? ಈ ಸರಣಿಗೆ ಕೊನೆಯೇ ಇಲ್ಲ. ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಕಳೆದ ತರುವಾಯ, ಇಂಗ್ಲೆಂಡಿನ ಬ್ರಾಡ್ಲೆ 1893ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೆಚ್ಚುಕಡಿಮೆ ಇದೇ ತೊಡಕನ್ನು ಎತ್ತಿದರು. ಇಬ್ಬರ ದೃಷ್ಟಿಯೂ ಅಖಂಡವಾದ ಒಂದು ಸತ್ಯದ ಕಡೆಗಿತ್ತು. ನಾನು ಅವರಿಂದ ಆಯ್ದುಕೊಳ್ಳುವುದು ಅದಕ್ಕಿಂತ ಚಿಕ್ಕ ಪಾಠ: ಸಂಬಂಧವೆಂಬುದು ಇಬ್ಬರ ನಡುವೆ ಹೊರಗಿನಿಂದ ತಂದು ಕಟ್ಟಿದ ಹಗ್ಗವಲ್ಲ.

ಹಾಗಾದರೆ ಅದೇನು? ಬೌದ್ಧಾಚಾರ್ಯ ನಾಗಾರ್ಜುನನು ‘ವಿಗ್ರಹವ್ಯಾವರ್ತನೀ’ ಎಂಬ ಗ್ರಂಥದಲ್ಲಿ ತಂದೆ ಮಗನ ನಿದರ್ಶನವನ್ನು ಕೊಡುತ್ತಾನೆ. ಮಗ ಹುಟ್ಟುವುದು ತಂದೆಯಿಂದ, ಸರಿ. ಆದರೆ ಮಗ ಹುಟ್ಟುವ ಮುನ್ನ ಆತ ತಂದೆಯಾಗಿರಲಿಲ್ಲವಲ್ಲ! ಯಾವುದಕ್ಕೂ ತನ್ನಷ್ಟಕ್ಕೆ ತಾನೇ ನಿಲ್ಲುವ ಸ್ವಭಾವವಿಲ್ಲವೆಂಬುದು ಅವನ ಸಿದ್ಧಾಂತ. ತೊಟ್ಟಿಲಿಗೆ ಕೂಸು ಬಂದಾಗಲೇ ಮನೆಯಲ್ಲಿ ಒಬ್ಬ ತಾಯಿಯೂ ಹುಟ್ಟುತ್ತಾಳೆ.

ದೇವರ ವಿಷಯದಲ್ಲಿಯೂ ಹೀಗೆಯೇ. ರಾಮಾನುಜರು ಜೀವೇಶ್ವರರ ನಂಟನ್ನು ದೇಹಕ್ಕೂ ಆತ್ಮಕ್ಕೂ ಇರುವ ನಂಟೆಂದರು. ಮಧ್ವಾಚಾರ್ಯರು ಅದನ್ನು ಬಿಂಬ ಪ್ರತಿಬಿಂಬಗಳದೆಂದರು. ಇವರ ಮತಗಳು ಬೇರೆ ಬೇರೆ. ಆದರೂ ಆ ನಂಟನ್ನು ಕಳಚಿಕೊಂಡು ಜೀವವು ತಾನೊಂದೇ ನಿಲ್ಲಬಲ್ಲದೆಂಬುದನ್ನು ಇಬ್ಬರೂ ಒಪ್ಪರು.

ಈ ವಿಚಾರವನ್ನು ನಿತ್ಯಜೀವನದ ಅಂಗಳಕ್ಕೆ ತಂದವರಲ್ಲಿ ಯೆಹೂದಿ ಚಿಂತಕ ಮಾರ್ಟಿನ್ ಬೂಬರ್ ಪ್ರಮುಖರು. 1923ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದ ‘ನಾನು ಮತ್ತು ನೀನು’ ಎಂಬ ಅವರ ಕಿರುಹೊತ್ತಗೆಯ ಪ್ರಕಾರ, ಒಂಟಿಯಾದ ‘ನಾನು’ ಎಂಬುದಿಲ್ಲ. ಎದುರಿನವರನ್ನು ‘ಅದು’ ಎಂದು ಕಂಡಾಗ ಅಳೆಯುತ್ತೇವೆ, ಬಳಸುತ್ತೇವೆ. ‘ನೀನು’ ಎಂದು ಕಂಡಾಗ ನಾವೇ ಬೇರೆಯಾಗುತ್ತೇವೆ. ರೈಲಿನ ಟಿಕೆಟ್ ಕೊಳ್ಳುವಾಗ ಮೊದಲನೆಯದರಿಂದ ತಪ್ಪಿಲ್ಲ. ಮನೆಯೊಳಗೂ ಅದೇ ರೂಢಿಯಾದರೆ ಕೇಡು.

ಬೂಬರ್ ಇದನ್ನು ಪುಸ್ತಕಗಳಿಂದ ಮಾತ್ರ ಕಲಿತವರಲ್ಲ. 1914ರಲ್ಲಿ ಒಬ್ಬ ತರುಣ ಅವರನ್ನು ಕಾಣಲು ಬಂದನು. ಅಂದು ಬೆಳಿಗ್ಗೆಯಿಂದ ಅವರು ಒಂದು ಬಗೆಯ ಭಕ್ತಿಯ ಉನ್ಮಾದದಲ್ಲಿದ್ದರು. ತರುಣನೊಡನೆ ಸೌಜನ್ಯದಿಂದಲೇ ಮಾತನಾಡಿದರು. ಅವನು ಕೇಳದೆ ಉಳಿಸಿದ ಪ್ರಶ್ನೆಯನ್ನು ಮಾತ್ರ ಊಹಿಸಲಿಲ್ಲ. ಕೆಲಕಾಲದ ಮೇಲೆ ಅವನು ತೀರಿಹೋದ ಸುದ್ದಿ ತಿಳಿಯಿತು. ಅವನು ಬಂದದ್ದು ಹರಟೆಗಲ್ಲ, ತನ್ನ ಬಾಳಿನ ಒಂದು ನಿರ್ಧಾರಕ್ಕಾಗಿ ಎಂಬುದೂ ತಿಳಿಯಿತು. ನಿತ್ಯದ ಬದುಕಿನಿಂದ ಮೇಲೆತ್ತಿ ಒಯ್ಯುವ ಧರ್ಮವನ್ನು ತಾವು ಅಂದಿನಿಂದ ಬಿಟ್ಟುಕೊಟ್ಟುದಾಗಿ ಬೂಬರ್ ಬರೆದುಕೊಂಡಿದ್ದಾರೆ.

ಇದನ್ನು ಓದಿದಾಗ ನನಗೆ ನೆನಪಾದವಳು ನನ್ನ ತಾಯಿ. ಕೊನೆಯ ವರ್ಷದಲ್ಲಿ, ಸಂಜೆ ನಾನು ಓದುತ್ತ ಕುಳಿತಾಗ ಆಕೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. ‘ಏನಮ್ಮ?’ ಎಂದರೆ, ‘ಏನಿಲ್ಲಪ್ಪ, ನೀನು ಓದಿಕೋ’ ಎನ್ನುತ್ತಿದ್ದಳು. ನಾನು ಓದಿಕೊಳ್ಳುತ್ತಿದ್ದೆ. ಔಷಧಕ್ಕಾಗಲಿ ಊಟಕ್ಕಾಗಲಿ ಕೊರತೆ ಮಾಡಿದವನಲ್ಲ. ಆ ‘ಏನಿಲ್ಲ’ದಲ್ಲಿ ಏನಿತ್ತೆಂದು ಒಂದು ದಿನವೂ ಕೇಳಲಿಲ್ಲ, ಅಷ್ಟೆ.

ಆಕೆ ತೀರಿಕೊಂಡ ಮೇಲೆ ಊರಿಗೆ ಹೋದಾಗ, ಕಣ್ಣು ಮಂಜಾದ ಹಿರಿಯರೊಬ್ಬರು ಜಗಲಿಯ ಮೇಲಿನಿಂದ ಮತ್ತೆ ಕೇಳಿದರು: ‘ಯಾರ ಮಗನಪ್ಪ ನೀನು?’ ಅಮ್ಮನ ಹೆಸರು ಹೇಳಿದೆ. ಈ ಸಲ ಅವಮಾನವೆನಿಸಲಿಲ್ಲ, ಸಂಕೋಚವೆನಿಸಿತು. ಹುಟ್ಟಿನಿಂದ ಬಂದ ಉತ್ತರವನ್ನು ಹೇಳಲು ನಾಲಗೆಯೊಂದಿದ್ದರೆ ಸಾಕು. ಅದು ನಿಜವಾಗಬೇಕಾದರೆ, ಬಾಗಿಲಲ್ಲಿ ಬಂದು ನಿಂತವರ ಕಡೆಗೆ ಕೈಯಲ್ಲಿರುವ ಪುಸ್ತಕವನ್ನು ಮುಚ್ಚಿಟ್ಟು ತಿರುಗಬೇಕು.